ದೋಣಿಯವಳ ಐದು ನಲವತ್ತರ ಬಸ್ಸು

ಮೂರನೆಯ ಸಲವೂ ಗಂಟಲು ಕೈಕೊಟ್ಟಿತು.

"ನಾನು ಸಾಮ್ರಾಟನಾಗುತ್ತೇ..." ಎಂಬಲ್ಲಿಗೆ ಅವನ ಧ್ವನಿ ಹಳೆಯ ಬಟ್ಟೆಯಂತೆ ಪರ್ರೆಂದು ಹರಿಯಿತು. ಡಬ್ಬಿಂಗ್ ಸ್ಟುಡಿಯೋದ ಗಾಜಿನಾಚೆ ಕುಳಿತಿದ್ದ ನಿರ್ದೇಶಕರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಅವರು ಹೆಡ್‌ಫೋನ್ ತೆಗೆದರೆಂದರೆ ತಾಳ್ಮೆ ಮುಗಿಯಿತೆಂದೇ ಲೆಕ್ಕ.

"ನೋಡಪ್ಪಾ, ಐದು ಇಪ್ಪತ್ತಾಯ್ತು. ಆರಕ್ಕೆ ಈ ಕಂತು ಇಲ್ಲಿಂದ ಹೋಗ್ಲೇಬೇಕು. ಹದಿನೈದು ನಿಮಿಷ ಸುಧಾರಿಸ್ಕೋ. ಆಗ್ಲೂ ಆಗ್ಲಿಲ್ಲ ಅಂದ್ರೆ ಹೊರಗೆ ಕೂತಿರೋರನ್ನ ಕರೀತೀನಿ. ಮುಂದಿನ ಸರಣಿಗೂ ಅವರೇ. ಬೇಜಾರು ಮಾಡ್ಕೋಬೇಡ."

ಹೊರಗಿನ ಸೋಫಾದಲ್ಲಿ ಮತ್ತೊಬ್ಬ ಕಂಠದಾನ ಕಲಾವಿದ ಬಿಸಿನೀರು ಗುಟುಕರಿಸುತ್ತ, ಕಾಲಮೇಲೆ ಕಾಲು ಹಾಕಿ ಕಾಯುತ್ತಿದ್ದ.

ಐವತ್ತೊಂದು ಕಂತುಗಳಿಂದ ಈ ಅನಿಮೆ ಕಾರ್ಟೂನಿನ ನಾಯಕನಿಗೆ ಧ್ವನಿಯಾಗಿದ್ದವನು ಮಾತ್ರ ಒಳಗೆ ಮೈಕಿನೆದುರು ನಿಂತಿದ್ದ ಅವನೇ. ಆಕಾಶದ ಏಳು ಕೋಟೆಗಳನ್ನು ಗೆದ್ದು ಸಾಮ್ರಾಟನಾಗುವೆನೆಂದು ವಾರವಾರವೂ ಕಂಠ ಬಿರಿಯುವಂತೆ ಕೂಗುವ ನಾಯಕ. ಕೂಗಿ ಕೂಗಿ ಆ ಹುಚ್ಚು, ಧ್ವನಿ ಕೊಡುವವನಿಗೂ ಅಂಟಿಕೊಂಡಿತ್ತು. ಕೊನೆಯ ಕಂತಿನ ಕೊನೆಯ ಕೂಗು ಊರೆಲ್ಲ ಮಾತಾಡುವಂತಿರಬೇಕೆಂದು ಒಂದು ವಾರ ದಿಂಬಿಗೆ ಮುಖವೊತ್ತಿ ಅಭ್ಯಾಸ ಮಾಡಿದ್ದ. ಗಂಟಲು ಅಲ್ಲೇ ಖರ್ಚಾಗಿತ್ತು.

ಕೋಣೆಯ ಮೂಲೆಯಲ್ಲಿ ಚಿಕ್ಕಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವನನ್ನು ಈ ಕೆಲಸಕ್ಕೆ ಕರೆತಂದವಳೇ ಅವಳು. ಇಪ್ಪತ್ತೆರಡು ವರ್ಷಗಳಿಂದ ಅಜ್ಜಿಯರಿಗೆ, ಕಾವಲುಗಾರ್ತಿಯರಿಗೆ, ಬೆಕ್ಕುಗಳಿಗೆ ಧ್ವನಿ ಕೊಡುತ್ತ ಬಂದವಳು. ಈ ಸರಣಿಯಲ್ಲಿ ಅವಳದು ದೋಣಿ ನಡೆಸುವವಳ ಪಾತ್ರ. ಲೋಕವೇ ಹೊತ್ತಿ ಉರಿಯುತ್ತಿದ್ದರೂ "ಹತ್ತೋದಾದ್ರೆ ಬೇಗ ಹತ್ತು, ಕತ್ತಲಾಗೋಕೆ ಮುಂಚೆ ನಾನು ಮನೆ ಸೇರ್ಬೇಕು" ಎನ್ನುವ ಹೆಂಗಸು. ಚಿಕ್ಕಮ್ಮನೂ ಥೇಟ್ ಹಾಗೆಯೇ. ಎರಡು ಸಲ ಮುಖ್ಯಪಾತ್ರ ಅವಳನ್ನು ಹುಡುಕಿಕೊಂಡು ಬಂದಿತ್ತು. ಎರಡು ಸಲವೂ ಒಲ್ಲೆನೆಂದಿದ್ದಳು. ಮನೆಗೆ ಹೋಗುವ ಐದು ನಲವತ್ತರ ಬಸ್ಸನ್ನು ಮಾತ್ರ ಒಂದು ದಿನವೂ ತಪ್ಪಿಸಿಕೊಂಡವಳಲ್ಲ. ಅವನು ಅದನ್ನು ಸೋಮಾರಿತನವೆಂದೇ ಬಗೆದಿದ್ದ. ಗೆಳೆಯರೆದುರು ಆಡಿಕೊಂಡೂ ಇದ್ದ.

"ಏನೋ ಮರಿ, ಗಂಟ್ಲಲ್ಲಿ ಕಪ್ಪೆ ಸಂಸಾರ ಹೂಡಿದ್ಯಾ?"

"ತಮಾಷೆ ಬೇಡ ಚಿಕ್ಕಮ್ಮ. ನನ್ನ ಕಥೆ ಮುಗೀತು."

"ಮುಗಿಯೋದಿದ್ರೆ ಐದು ನಿಮಿಷ ತಡವಾಗಿ ಮುಗೀಲಿ. ಇದನ್ನ ನೋಡು."

ಅವಳು ಚಾಚಿದ ಹಾಳೆಯ ತುಂಬ ಪೆನ್ಸಿಲಿನ ಗುರುತುಗಳು. ಈ ಅಭ್ಯಾಸ ಅವನಿಗೆ ಗೊತ್ತಿದ್ದದ್ದೇ. ಧ್ವನಿ ಕೊಡುವ ಮೊದಲು ಅವಳು ಚಿತ್ರವನ್ನು ಸದ್ದಿಲ್ಲದೆ ಓಡಿಸಿ, ಬಾಯಿ ಅಗಲವಾಗಿ ತೆರೆದಾಗ ಸೊನ್ನೆ, ಸಣ್ಣಗೆ ತೆರೆದಾಗ ಚುಕ್ಕೆ ಹಾಕಿಕೊಳ್ಳುತ್ತಿದ್ದಳು. ಕೇಳಿದರೆ, "ಒಂದೇ ಸಲಕ್ಕೆ ಮುಗಿಸೋಕೆ ಕಣೋ. ಹತ್ತು ಸಲ ಯಾರು ಹೇಳ್ತಾರೆ?" ಎನ್ನುತ್ತಿದ್ದಳು.

"ಇದು ನಿನ್ನ ಕೊನೇ ಮಾತು. ಎಷ್ಟು ಸೊನ್ನೆ ಇದೆ?"

ಒಂದೂ ಇರಲಿಲ್ಲ. ಒಂಬತ್ತು ಅಕ್ಷರಗಳಿಗೆ ಒಂಬತ್ತು ಚುಕ್ಕೆಗಳು.

ನಾಯಕ ಕೂಗುತ್ತಲೇ ಇರಲಿಲ್ಲ. ಇಷ್ಟು ದಿನ ಅವರೆಲ್ಲ ತಾಲೀಮು ಮಾಡಿದ್ದು ಬಾಯಿಯನ್ನೇ ಬರೆಯದ ಕರಡು ಚಿತ್ರದ ಮೇಲೆ. ಪೂರ್ತಿಯಾದ ಚಿತ್ರ ಬಂದದ್ದು ಇಂದು ಬೆಳಿಗ್ಗೆ. 'ಕಿರುಚುತ್ತಾ' ಎಂದು ಸಂಭಾಷಣೆಯ ಹಾಳೆಯಲ್ಲಿ ಬರೆದದ್ದು ಅದಕ್ಕೂ ಎರಡು ತಿಂಗಳು ಮೊದಲು.

"ಕಿರುಚೋವಾಗ ನೀನು ಕಣ್ಣು ಮುಚ್ಕೋತೀಯ. ಗಾಜಿನಾಚೆ ಸರ್ ಹಾಳೇಲಿ ಮುಳುಗಿರ್ತಾರೆ. ಇನ್ನು ಬಾಯಿ ನೋಡೋರ್ಯಾರು?" ಚಿಕ್ಕಮ್ಮ ನಕ್ಕಳು. "ನಿನ್ನ ನಾಯಕ ಕೋಟೆ ಮೇಲೆ ನಿಂತಿಲ್ಲ ಕಣೋ, ನನ್ನ ದೋಣೀಲಿ ಕೂತಿದಾನೆ. ಒಂದು ಮೊಳ ದೂರದಲ್ಲಿರೋ ಹೆಂಗಸಿನ ಮುಂದೆ ಯಾರಾದ್ರೂ ಕಿರುಚ್ತಾರಾ?"

ಅವಳೇ ಎದ್ದುಹೋಗಿ ಮೈಕಿನಲ್ಲಿ ಹೇಳಿದಳು: "ಸರ್, ಸೌಂಡ್ ತೆಗೆದು ಒಂದ್ಸಲ ಓಡಿಸ್ತೀರಾ?"

ಚಿತ್ರ ಓಡಿತು. ನಿರ್ದೇಶಕರು ಮುಂದಕ್ಕೆ ಬಾಗಿ ನೋಡಿದರು. ಮತ್ತೊಮ್ಮೆ ಓಡಿಸಿದರು.

"ನಾಯಕನೇ ಪಿಸುಗುಟ್ಟಿದ್ರೆ ಜನ ಎದ್ದು ಹೋಗ್ತಾರಮ್ಮಾ."

"ಐವತ್ತೊಂದು ವಾರ ಕಿರುಚಿದ್ದು ಕೇಳಿದಾರೆ ಸರ್. ಇವತ್ತು ಕಿವಿ ಹತ್ರ ತರ್ತಾರೆ."

ನಿರ್ದೇಶಕರು ಹೆಡ್‌ಫೋನನ್ನು ಮತ್ತೆ ತಲೆಗೇರಿಸಿಕೊಂಡರು. ಸೋಫಾದಲ್ಲಿದ್ದವನು ಎದ್ದು ಬಾಗಿಲ ಬಳಿ ನಿಂತಿದ್ದ.

"ಒಂದೇ ಒಂದು ಟೇಕ್," ಎಂದರು ನಿರ್ದೇಶಕರು.

ಚಿಕ್ಕಮ್ಮನ ಮಾತುಗಳ ಧ್ವನಿಮುದ್ರಣ ನಾಲ್ಕಕ್ಕೇ ಆಗಿತ್ತು. ಆದರೂ ಅವಳು ಮೈಕಿನ ಆಚೆ ಬದಿಗೆ ಬಂದು, ಅವನಿಂದ ಒಂದು ಮೊಳ ದೂರದಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು. ಕೆಂಪು ದೀಪ ಹೊತ್ತಿತು. ಪರದೆಯ ಮೇಲೆ ಹೊಳೆ, ದೋಣಿ, ಗಾಯಗೊಂಡ ನಾಯಕ. ಅವನು ಈ ಸಲ ಕಣ್ಣು ಮುಚ್ಚಲಿಲ್ಲ. ಪರದೆಯ ಬಾಯಿಯ ಮೇಲೆ ಅರ್ಧ ಕಣ್ಣು, ಎದುರಿನವಳ ಮುಖದ ಮೇಲೆ ಅರ್ಧ ಕಣ್ಣು.

"ನಾನು ಸಾಮ್ರಾಟನಾಗುತ್ತೇನೆ."

ಹರಿದ ಧ್ವನಿ ಹರಿದೇ ಇತ್ತು. ಬಹುದೂರ ನಡೆದು ಬಂದವನ ಧ್ವನಿ ಹಾಗಲ್ಲದೆ ಇನ್ನು ಹೇಗಿರಲು ಸಾಧ್ಯ? ಮುದ್ರಿಸಿಟ್ಟಿದ್ದ ದೋಣಿಯವಳ ಉತ್ತರ ಅವನ ಕಿವಿಯಲ್ಲಿ ಕೇಳಿತು: "ಆಗಪ್ಪಾ. ಮೊದ್ಲು ಹುಷಾರಾಗಿ ಇಳಿ. ದಡ ಜಾರುತ್ತೆ."

ನಿರ್ದೇಶಕರ ಹೆಡ್‌ಫೋನ್ ತಲೆಯ ಮೇಲೇ ಇತ್ತು. ಕೊನೆಗೆ ಸ್ಪೀಕರ್ ಕೆಮ್ಮಿತು. "ಹೊರಗಿರೋರಿಗೆ ಕಾಫಿ ಕೊಟ್ಟು ಕಳಿಸಿ. ನಾಯಕ ಬದಲಾಗಲ್ಲ."

ಅವನಿಗೆ ಮೊದಲು ಕಂಡದ್ದು ಗೋಡೆಯ ಗಡಿಯಾರ. ಐದು ಐವತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ!

"ಚಿಕ್ಕಮ್ಮ... ನಿನ್ನ ಬಸ್ಸು!"

"ಏಳಕ್ಕೆ ಇನ್ನೊಂದಿದೆ." ಅವಳು ಚೀಲವನ್ನು ಹೆಗಲಿಗೇರಿಸಿದಳು. "ಅದನ್ನ ಹತ್ತೋಕೆ ಸಾಮ್ರಾಟ ಆಗ್ಬೇಕಿಲ್ಲ."

"ನಾನೂ ಬರ್ತೀನಿ, ನಿಲ್ದಾಣದವರೆಗೆ."

"ಬಾ. ಆದ್ರೆ ದಾರೀಲಿ ಬಾಯಿ ಮುಚ್ಕೊಂಡು ಬಾ. ಗಂಟ್ಲಿಗೆ ರೆಸ್ಟ್ ಬೇಕು."

ಅವನು ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಹಿಂದೆ ಹೊರಟ. ಪೆನ್ಸಿಲಿನ ಹಾಳೆ ಅವನ ಜೇಬಿನಲ್ಲಿತ್ತು.