ದನಿಗೆ ಮೊದಲ ದಾರಿ

ಅನಗವಾಡಿಯ ಸತ್ಯವ್ವ ಬೀರೇಶ್ವರನ ಡೊಳ್ಳಿನ ಪದ ಹಾಡುವುದನ್ನು ಬಿಟ್ಟಿದ್ದಳು. ಗಂಟಲು ಕೆಟ್ಟಿರಲಿಲ್ಲ, ಕಿವಿ ಮಂದವಾಗಿತ್ತು. ಗಂಡ ಗಿರಮಲ್ಲಪ್ಪ ಡೊಳ್ಳು ಬಾರಿಸತೊಡಗಿದರೆ ಅವಳಿಗೆ ತನ್ನ ದನಿಯೇ ಕೇಳುತ್ತಿರಲಿಲ್ಲ. ಒಮ್ಮೆ ಗಲಗಲಿಯಲ್ಲಿ ಹಾಡುವಾಗ ಶ್ರುತಿ ತಪ್ಪಿ, ಮೇಳದ ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಅವಳು ಮೇಳಕ್ಕೆ ಹೋಗಲಿಲ್ಲ.

ಸೊಸೆ ಶೈಲಾ ಬೀಳಗಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗೈಯಷ್ಟಗಲದ ಒಂದು ಕಂಪ್ಯೂಟರ್ ಬೋರ್ಡಿಗೆ ಮೈಕು, ಹೆಡ್‌ಫೋನು ಜೋಡಿಸಿ, ಅತ್ತೆಯ ದನಿಯನ್ನು ದೊಡ್ಡದು ಮಾಡಿ ಅವಳ ಕಿವಿಗೇ ಮುಟ್ಟಿಸಬೇಕೆಂದು ಹೊರಟಳು.

ಮೊದಲ ಸಲ ಸತ್ಯವ್ವ ಒಂದು ಸಾಲು ಹಾಡಿದ್ದೇ ಹೆಡ್‌ಫೋನು ಕಿತ್ತೆಸೆದಳು.

"ಯಾರ್ ಬೇ ಒಳಗ? ನಾ ಅಂದದ್ದ ತಿರುಗಿ ಅನ್ನಾಕತ್ತಾರ!"

"ನಿಮ್ಮ ದನೀನ ರೀ ಅತ್ತಿ. ಸ್ವಲ್ಪ ತಡಾ ಆಗಿ ಬರಾಕತ್ತೈತಿ."

"ಹಿಂಗ ಹಿಂದಿಂದ ಎಳದ್ರ ನಾಲಿಗಿ ತೊಡರತೈತಿ. ನನಗ ಬ್ಯಾಡ ಇದು."

ಶೈಲಾ ಬಿಡಲಿಲ್ಲ. ತಡ ಕಡಿಮೆ ಮಾಡಹೋದರೆ ದನಿ ಪಟಪಟ ಒಡೆದು ತುಂಡಾಗುತ್ತಿತ್ತು. ತಪ್ಪು ಎಲ್ಲಿದೆ ಎಂದು ಹುಡುಕುತ್ತ ಹುಡುಕುತ್ತ ಕೊನೆಗೆ ಕರ್ನಲ್‌ವರೆಗೆ ಹೋದಳು. ಬೋರ್ಡಿನೊಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ಮೂಲ ತಂತ್ರಾಂಶ ಅದು. ಬೋರ್ಡಿನ ಜೊತೆ ಬಂದ ಕರ್ನಲ್ ಬೇರೆ ಕೆಲಸಗಳ ನಡುವೆ ದನಿಯನ್ನು ಕಾಯಿಸುತ್ತಿತ್ತು. ದನಿ ಬಂದೊಡನೆ ಉಳಿದದ್ದನ್ನೆಲ್ಲ ಬದಿಗಿಡುವಂಥದ್ದು ಬೇಕಿದ್ದರೆ, ಅದನ್ನು ತಾನೇ ಕಟ್ಟಿಕೊಳ್ಳಬೇಕು.

ರವಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು, ಬೇಡವಾದ ಭಾಗಗಳನ್ನೆಲ್ಲ ತೆಗೆದುಹಾಕಿ, ಹೊಸ ಕರ್ನಲ್ ಕಟ್ಟುವ ಕೆಲಸಕ್ಕೆ ಬೋರ್ಡನ್ನೇ ಹಚ್ಚಿದಳು. ಪರದೆಯ ಮೇಲೆ ಸಾಲುಗಳು ಸರಸರ ಏರತೊಡಗಿದವು. ಬೋರ್ಡು ಮುಟ್ಟಲಾರದಷ್ಟು ಕಾದಿತು.

"ಇದಕ್ಕೂ ಸೆಕಿ ಆಗತೈತೇನ?" ಎಂದಳು ಸತ್ಯವ್ವ.

"ಹೌದ್ರಿ. ಭಾಳ ಕಾದ್ರ ಕೆಲಸ ನಿಧಾನ ಮಾಡತೈತಿ."

ಸತ್ಯವ್ವ ಬೀಸಣಿಕೆ ತಂದು ಎದುರು ಕೂತಳು. ಗಿರಮಲ್ಲಪ್ಪ ಬಾಗಿಲಲ್ಲಿ ನಿಂತು ನಗತೊಡಗಿದ. "ನನಗ ಒಂದಿನಾನೂ ಬೀಸಿಲ್ಲ ನೋಡ!"

ಮಧ್ಯಾಹ್ನ ದಾಟಿದ ಮೇಲೆ ಕೆಲಸ ಮುಗಿಯಿತು. ಬೋರ್ಡು ಬಂದಾಗಿ ಮತ್ತೆ ಶುರುವಾಯಿತು. ಶೈಲಾ ತಾನು ಕಟ್ಟಿದ ಕರ್ನಲ್‌ಗೆ ಅತ್ತೆಯ ಹೆಸರನ್ನೇ ಇಟ್ಟಿದ್ದಳು. ಪರದೆಯ ಮೇಲೆ ಅದು ಮೂಡಿದ್ದೇ ಕುಣಿದಾಡಿದಳು. "ಅತ್ತಿ, ಬಂತು! ನಿಮ್ಮ ಹೆಸರ ಬಂತು ನೋಡ್ರಿ!"

ಆದರೆ ಹೆಡ್‌ಫೋನಿನಲ್ಲಿ ಸದ್ದೇ ಇಲ್ಲ.

ತಂತಿ ಕಿತ್ತಳು, ಹಾಕಿದಳು. ಆಮೇಲೆ ಹೊಳೆಯಿತು: ಬೇಡವಾದದ್ದನ್ನು ತೆಗೆಯುವ ಭರದಲ್ಲಿ ಸೌಂಡ್ ಕಾರ್ಡನ್ನು ನಡೆಸುವ ತಂತ್ರಾಂಶ, ಅದರ ಡ್ರೈವರನ್ನೂ ತೆಗೆದುಬಿಟ್ಟಿದ್ದಳು! ಹಣೆ ಬಡಿದುಕೊಂಡು ಅದನ್ನು ಮತ್ತೆ ಸೇರಿಸಿದಳು. ಈ ಸಲ ಅಷ್ಟನ್ನೇ ಕಟ್ಟಬೇಕಿದ್ದರಿಂದ ಚಹಾ ಕುಡಿಯುವಷ್ಟರಲ್ಲಿ ಆಯಿತು.

ಗಿರಮಲ್ಲಪ್ಪ ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ಮೆಲ್ಲಗೆ ಶುರುಮಾಡಿದ. ಸತ್ಯವ್ವ ಹೆಡ್‌ಫೋನು ಹಾಕಿಕೊಂಡು ಅನುಮಾನದಿಂದಲೇ ದನಿ ತೆಗೆದಳು. ಮೊದಲ ಸಾಲಿಗೆ ಅವಳ ಕಣ್ಣುಗಳು ಅಗಲವಾದವು. ಎರಡನೆಯದಕ್ಕೆ ಬೆನ್ನು ನೆಟ್ಟಗಾಯಿತು.

"ತಡಾ ಐತೇನ್ರಿ?" ಶೈಲಾ ಕೂಗಿದಳು.

ಸತ್ಯವ್ವ ಕೈಯೆತ್ತಿ ಗಂಡನಿಗೆ, ಜೋರಾಗಿ, ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದಳು. ಡೊಳ್ಳು ಗುಡುಗಿತು. ಅದರ ಮೇಲೆ ಅವಳ ದನಿ ಎಲ್ಲಿಯೂ ಜಾರದೆ ಏರಿತು. ಪಕ್ಕದ ಮನೆಯ ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಅಂಗಳದಿಂದಲೇ ಪದಕ್ಕೆ ದನಿಗೂಡಿಸಿದಳು.

ಪದ ಮುಗಿದಾಗ ಗಿರಮಲ್ಲಪ್ಪ ಏದುಸಿರು ಬಿಡುತ್ತ ಡೊಳ್ಳು ಇಳಿಸಹೋದ.

"ಯಾಕ್ರೀ, ಇಳಸ್ತೀರಿ?" ಎಂದಳು ಸತ್ಯವ್ವ. "ಈಗರ ಶುರು ಆಗೇತಿ. ಹೊಡೀರಿ!"