ಕಂಬಿಯ ಕೆಳಗೆ ಹೆಬ್ಬೆರಳು

ಚಾವಣಿಯ ಗಾರೆ ಬಿದ್ದದ್ದು ನೇರವಾಗಿ ತಲೆದಿಂಬಿನ ಮೇಲೆ. ಮಗಳು ಆಗಷ್ಟೇ ನಿದ್ದೆಗಣ್ಣಿನಲ್ಲಿ ಎದ್ದು ಬಂದು, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮನನ್ನು ನೀರು ಕೇಳುತ್ತಿದ್ದಳು. ಹಿಂದೆ ಧಡ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ದಿಂಬಿನ ಮೇಲೆ ತಟ್ಟೆಯಗಲದ ಗಾರೆ, ಹಾಸಿಗೆ ತುಂಬ ಪುಡಿ. ಮೇಲೆ ಚಾವಣಿಯಲ್ಲಿ ತುಕ್ಕು ಹಿಡಿದ ಕೆಂಪು ಕಂಬಿ ಹಲ್ಲು ಕಿರಿಯುತ್ತಿತ್ತು.

ಆ ಬೀದಿಯವರೆಲ್ಲ ಆ ತಾಯಿಯನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಅವಳು ಸುಲಭಕ್ಕೆ ಸಿಟ್ಟಾಗುವವಳಲ್ಲ. ತಾವೇ ಅಳತೆ ಕೊಟ್ಟವರು ಬಿಗಿಯಾಯಿತು ಎಂದು ಜಗಳಕ್ಕೆ ಬಂದರೂ ನಗುತ್ತ ಹೊಲಿಗೆ ಬಿಚ್ಚಿ ಕೊಡುತ್ತಿದ್ದಳು. ಆದರೆ ಆ ದಿನ ಬಂದ ಸಿಟ್ಟು ಇಳಿಯಲಿಲ್ಲ. ಮನೆ ಮಾಲೀಕ ಬಂದು ಕತ್ತೆತ್ತಿ ನೋಡಿದ. ಮಾರನೆಯ ದಿನ ಆಳು ಕಳಿಸಿ ಗಾರೆ ಮೆತ್ತಿಸಿ ಬಣ್ಣ ಹೊಡೆಸಿದ. ಈಗ ಹೊಸದರ ಹಾಗೆ ಆಯಿತು ನೋಡಮ್ಮ ಎಂದು ಹೇಳಿ ಹೊರಟ. ನಿಜವಾಗಿಯೂ ಹೊಸದರ ಹಾಗೇ ಇತ್ತು. ಅವಳ ಮೈ ಉರಿದದ್ದು ಅದಕ್ಕೇ.

ಹೊಲಿದ ಬಟ್ಟೆ ಒಯ್ಯಲು ಬಂದ ಎಂಜಿನಿಯರಮ್ಮ ಆ ಹೊಸ ಬಣ್ಣವನ್ನು ನೋಡಿದರು. ಅವರು ಊರಾಚೆ ನೀರಿನ ಟ್ಯಾಂಕ್ ಕಟ್ಟಿಸುವ ಕೆಲಸದಲ್ಲಿದ್ದವರು. ಕುರ್ಚಿ ಹತ್ತಿ ಬೆರಳಿನಿಂದ ಚಾವಣಿ ತಟ್ಟಿದರು. ಟೊಳ್ಳು ಸದ್ದು ಬಂತು.

"ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿದೆ ಟೈಲರಕ್ಕ. ಅದೇ ಗಾರೇನ ಕೆಳಗೆ ತಳ್ತಿರೋದು. ಮೇಲೆ ಬಣ್ಣ ಹೊಡೆಯೋದು ಹುಣ್ಣಿಗೆ ಪೌಡರ್ ಹಚ್ಚಿದ ಹಾಗೆ. ಇದು ಈಗ ಕೆಟ್ಟಿದ್ದಲ್ಲ, ಕಟ್ಟೋವಾಗಲೇ ಕೆಟ್ಟಿದ್ದು."

ಟೈಲರಕ್ಕನ ಸ್ವಂತ ಮನೆ ಆಗ ರಸ್ತೆಯ ಕೊನೆಯಲ್ಲಿ ಏಳುತ್ತಿತ್ತು. ಗೋಡೆ ಮುಗಿದಿತ್ತು, ತಾರಸಿ ಹಾಕುವುದು ಬಾಕಿ. ತಾರಸಿ ಹಾಕುವ ದಿನ ನನ್ನನ್ನೂ ಕರೆಯಿರಿ, ನೀವೂ ಅಲ್ಲಿರಿ ಎಂದು ಎಂಜಿನಿಯರಮ್ಮ ಹೇಳಿ ಹೋದರು. ಅಂದಿನಿಂದ ಮಗಳ ಹಾಸಿಗೆ ಹೊಲಿಗೆ ಯಂತ್ರದ ಮೇಜಿನ ಅಡಿಗೆ ಬಂತು.

ತಾರಸಿ ಹಾಕುವಾಗ ಸೈಟಿನಲ್ಲಿರುವುದು ಅಷ್ಟು ಸುಲಭವಿರಲಿಲ್ಲ. ಮನೆ ಕಟ್ಟುತ್ತಿದ್ದ ಕಂಟ್ರಾಕ್ಟರು ಬೇರೆ ಯಾರೂ ಅಲ್ಲ, ಗಂಡನ ಅಕ್ಕನ ಗಂಡ. ಸೈಟಿಗೆ ಬರುತ್ತೇನೆ ಎಂದು ಅವಳು ಕೇಳಿದಾಗಲೆಲ್ಲ ಗಂಡನದು ಒಂದೇ ಉತ್ತರ. ಅಲ್ಲಿ ಬರೀ ಧೂಳು, ನಿನಗೇನು ಗೊತ್ತಾಗುತ್ತೆ, ಎಲ್ಲ ಭಾವ ನೋಡಿಕೊಳ್ಳುತ್ತಾರೆ. ಅತ್ತೆಯ ಭಯ ಬೇರೆ ತರಹದ್ದು.

"ಅಳಿಯಂದಿರ ಕೆಲಸಾನ ನಾವು ಪರೀಕ್ಷೆ ಮಾಡೋಕೆ ಹೋದ್ವಿ ಅಂತ ಆಗಬಾರದು ಕಣೇ. ನಾಳೆ ನನ್ನ ಮಗಳು ಆ ಮನೇಲಿ ಹೇಗೆ ತಲೆ ಎತ್ತಿ ಓಡಾಡ್ತಾಳೆ?"

ಪಾಯ ತೆಗೆದಾಗಿನಿಂದ ಹೀಗೇ ತಿಂಗಳುಗಟ್ಟಲೆ ನಡೆದಿತ್ತು. ತನ್ನ ಮನೆಗೆ ಎಂಥ ಮರಳು ಬಂತು, ಎಂಥ ಜಲ್ಲಿ ಬಂತು ಎನ್ನುವುದು ಅವಳಿಗೆ ಗೊತ್ತಾಗುತ್ತಿದ್ದದ್ದು ಗಂಡನ ಚಪ್ಪಲಿಗೆ ಮೆತ್ತಿದ ಧೂಳಿನಿಂದ ಮಾತ್ರ.

ತಾರಸಿ ಹಾಕುವ ಹಿಂದಿನ ಸಂಜೆ ಕಂಟ್ರಾಕ್ಟರೇ ಹೇಳಿಕಳಿಸಿದರು. ಕಾಂಕ್ರೀಟಿಗೆ ಆಸರೆಯಾಗಿ ಕಟ್ಟಿದ ಸೆಂಟ್ರಿಂಗ್ ಹಲಗೆಗಳ ಮೇಲೆ ಕಸ ತುಂಬಿದೆ, ಮನೆಯ ಹೆಂಗಸರು ಬಂದು ಗುಡಿಸಿ ಹೋದರೆ ಒಳ್ಳೆಯದು. ಗುಡಿಸಲು ಹೆಂಗಸರು ಬರಬಹುದಿತ್ತು. ನೋಡಲು ಮಾತ್ರ ಬರಬಾರದಿತ್ತು.

ಸೊಸೆ, ಅತ್ತೆ ಇಬ್ಬರೂ ಪೊರಕೆ ಹಿಡಿದು ಏಣಿ ಹತ್ತಿದರು. ಮೇಲೆ ಹಲಗೆ ಹಾಸಿ, ಅದರ ಮೇಲೆ ಕಂಬಿಗಳನ್ನು ಜಾಲರಿಯಂತೆ ಕಟ್ಟಿದ್ದರು. ಸಂದಿಯಲ್ಲಿ ಮರದ ಹೊಟ್ಟು, ತಂತಿಯ ಚೂರು, ಬೀಡಿ ತುಂಡು, ಕುಡಿದೆಸೆದ ಕಾಗದದ ಲೋಟಗಳು. ಜೊತೆಗೆ ಕಂಬಿಗಳ ಅಡಿಯಲ್ಲಿ ಅಲ್ಲಲ್ಲಿ ಬಿಸ್ಕತ್ತಿನಷ್ಟು ಅಗಲದ ಸಿಮೆಂಟ್ ಬಿಲ್ಲೆಗಳು ಸಿಕ್ಕಿಕೊಂಡಿದ್ದವು. ಚೆಲ್ಲಿದ ಸಿಮೆಂಟು ಗಟ್ಟಿಯಾಗಿರಬೇಕು, ಹೀಗೇ ಬಿಟ್ಟರೆ ನಾಳೆ ಚಾವಣಿಯ ಕೆಳಗೆ ಗಂಟುಗಂಟಾಗಿ ಕಾಣುತ್ತದೆ ಎಂದುಕೊಂಡಳು ಟೈಲರಕ್ಕ. ಒಂದು ಸುಕ್ಕು ಕಂಡರೂ ಬಟ್ಟೆ ಬಿಚ್ಚಿ ಮತ್ತೆ ಹೊಲಿಯುವ ಕೈ ಅದು. ಅತ್ತೆ ಕಂಬಿ ಎತ್ತಿ ಹಿಡಿದರು, ಸೊಸೆ ಒಂದೊಂದೇ ಬಿಲ್ಲೆ ಎಳೆದು ಬಕೆಟ್ಟಿಗೆ ಹಾಕಿದಳು. ಬಕೆಟ್ಟನ್ನು ಕೆಳಗೆ ತಂದು ಮರಳಿನ ರಾಶಿಯ ಪಕ್ಕ ಸುರಿದರು. ಸೊಂಟ ಹಿಡಿದುಕೊಂಡು ಮನೆಗೆ ಬಂದ ಅತ್ತೆ, ಅಳಿಯಂದಿರು ನಾಳೆ ನೋಡಿ ಮೆಚ್ಚಬೇಕು, ಹಾಗೆ ಗುಡಿಸಿದ್ದೇವೆ ಎಂದರು.

ಬೆಳಿಗ್ಗೆ ಕಾಂಕ್ರೀಟ್ ಮಿಕ್ಸರ್ ಬಂದು ನಿಂತಿತ್ತು. ಆಳುಗಳು ಬಾಂಡಲಿ ಹಿಡಿದು ಕಾಯುತ್ತಿದ್ದರು. ಮಾತಿನಂತೆ ಟೈಲರಕ್ಕ ಎಂಜಿನಿಯರಮ್ಮನನ್ನು ಕರೆಸಿದ್ದಳು, ತಾನೂ ಅವರ ಜೊತೆ ಮೇಲೆ ಹೋದಳು; ಅತ್ತೆ, ಗಂಡ ಏಣಿಯ ಬುಡದಲ್ಲೇ ನಿಂತರು. ಎಂಜಿನಿಯರಮ್ಮ ಏಣಿ ಹತ್ತಿದವರೇ ಕುಕ್ಕರಗಾಲಿನಲ್ಲಿ ಕೂತು ಕಂಬಿಯ ಕೆಳಗೆ ಹೆಬ್ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ನಡುವಿಗೆ ಹೋಗಿ ನೋಡಿದರು, ಮೂಲೆಯಲ್ಲಿ ನೋಡಿದರು. ಕಂಬಿಗಳು ಹಲಗೆಗೆ ಅಂಟಿ ಮಲಗಿದ್ದವು.

"ಮೇಸ್ತ್ರಿ, ಕವರ್ ಬ್ಲಾಕ್ ಎಲ್ಲಿ?"

ಮೇಸ್ತ್ರಿಯೂ ಬಗ್ಗಿ ನೋಡಿ ತಬ್ಬಿಬ್ಬಾದ. ನಿನ್ನೆ ಮಧ್ಯಾಹ್ನವೇ ಬಿಲ್ಲೆಗಳನ್ನೆಲ್ಲ ಕೂರಿಸಿ ಹೋಗಿದ್ದೆ ಎಂದ.  ಟೈಲರಕ್ಕ ಬಾಯಿ ಬಿಡುವ ಮೊದಲೇ ಕೆಳಗೆ ಮರಳಿನ ಪಕ್ಕದಲ್ಲಿದ್ದ ಗುಡ್ಡೆ ಎಲ್ಲರ ಕಣ್ಣಿಗೆ ಬಿತ್ತು.

ಕಂಟ್ರಾಕ್ಟರು ಹೊಟ್ಟೆ ಹಿಡಿದು ನಕ್ಕರು. "ನೋಡಿದ್ರಾ? ಹೆಂಗಸರನ್ನ ಸೈಟಿಗೆ ಸೇರಿಸಲ್ಲ ಅಂತ ನಾನು ಹೇಳೋದು ಇದಕ್ಕೇ. ಹೋಗ್ಲಿ ಬಿಡಿ. ಕಾಂಕ್ರೀಟ್ ಬೀಳುವಾಗ ಕೊಕ್ಕೆ ಹಾಕಿ ಕಂಬಿ ಎತ್ತಿದ್ರಾಯ್ತು. ಮಿಕ್ಸರ್ ಚಾಲು ಮಾಡ್ರೋ."

ಆಳುಗಳೂ ನಕ್ಕರು. ಗಂಡ ತನ್ನ ಪಾದ ನೋಡಿಕೊಂಡು ನಿಂತಿದ್ದ.

ಎಂಜಿನಿಯರಮ್ಮ ನಗಲಿಲ್ಲ. ಕೊಕ್ಕೆಯಿಂದ ಎತ್ತಿದ ಕಂಬಿಯ ಮೇಲೆ ಮುಂದಿನ ಆಳು ಬಾಂಡಲಿ ಹೊತ್ತು ಕಾಲಿಡುತ್ತಾನೆ, ಕಂಬಿ ಮತ್ತೆ ತಳಕ್ಕೆ ಹೋಗುತ್ತದೆ ಎಂದರು. ಕಂಬಿಯ ಸುತ್ತ ಕಾಂಕ್ರೀಟ್ ಇರಬೇಕು, ಕೆಳಗೂ ಇರಬೇಕು. ಇಲ್ಲದಿದ್ದರೆ ಗಾಳಿಯ ತೇವ ಒಳಗೆ ನುಗ್ಗುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ. ಆ ಜಾಗ ಕಾಯುವುದೇ ಬಿಲ್ಲೆಯ ಕೆಲಸ.

ಕೆಳಗಿನಿಂದಲೇ ಕೇಳಿಸಿಕೊಂಡ ಅತ್ತೆಗೆ ನಂಬಿಕೆ ಬರಲಿಲ್ಲ. "ಇಷ್ಟೇ ಇಷ್ಟು ಬಿಲ್ಲೆ ಇಲ್ಲ ಅಂದ್ರೆ ಅಷ್ಟು ದೊಡ್ಡ ತಾರಸಿ ಬಿದ್ದುಹೋಗುತ್ತಾ ತಾಯಿ?"

"ಇವತ್ತು ಬೀಳಲ್ಲ ಅಮ್ಮ. ನಿಮ್ಮ ಮೊಮ್ಮಗಳು ಅವಳ ಮಗೂನ ಇದರ ಕೆಳಗೆ ಮಲಗಿಸೋ ಕಾಲಕ್ಕೆ ಬೀಳುತ್ತೆ."

ಟೈಲರಕ್ಕನಿಗೆ ಆ ಮಾತು ಥಟ್ಟನೆ ಅರ್ಥವಾಯಿತು. ಅಂಚಿನಲ್ಲಿ ಬಟ್ಟೆ ಬಿಡದೆ ತುದಿಗೇ ಹೊಲಿಗೆ ಹಾಕಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

"ನಮ್ಮ ಬಾಡಿಗೆ ಮನೇಲಿ ಆಗಿರೋದೂ ಇದೇನಾ?" ಎಂದು ಕೇಳಿದಳು.

"ಇದೇ."

ಅವಳು ಏಣಿ ಇಳಿದಳು. ಮಿಕ್ಸರ್ ಸುತ್ತಿ ಚಾಲು ಮಾಡುವ ಕಬ್ಬಿಣದ ಹ್ಯಾಂಡಲ್ ಅದರ ಪಕ್ಕದಲ್ಲೇ ಇತ್ತು. ಅದನ್ನೆತ್ತಿಕೊಂಡು ಹೋಗಿ ಜಲ್ಲಿಯ ರಾಶಿಯ ಮೇಲೆ ಕೂತಳು. ಹ್ಯಾಂಡಲ್ ತೊಡೆಯ ಮೇಲಿತ್ತು. ಆಳುಗಳ ನಗು ನಿಂತಿತು.

ಕಂಟ್ರಾಕ್ಟರು ಇಳಿದು ಬಂದು ಕೈ ಚಾಚಿದರು. ಅವಳು ಕೊಡಲಿಲ್ಲ.

"ಬಿಲ್ಲೆ ತೆಗೆದದ್ದು ನಾನೇ ಅಣ್ಣ. ಅದಕ್ಕೆ ಏನು ಬೇಕಾದ್ರೂ ಅನ್ನಿ, ಅನ್ನಿಸ್ಕೋತೀನಿ. ಆದ್ರೆ ಗುಡಿಸೋಕೆ ಕರೆದ್ರಲ್ಲ, ಇದನ್ನ ಮುಟ್ಟಬೇಡಿ ಅಂತ ಒಂದು ಮಾತು ಹೇಳೋಕೆ ನಿಮ್ಮ ಬಾಯಿಗೆ ಏನಾಗಿತ್ತು? ನಿನಗೇನು ಗೊತ್ತಾಗುತ್ತೆ ಅಂತ ಎಲ್ಲರೂ ಅಂದ್ರಿ. ಗೊತ್ತಾಗೋಕೆ ಒಂದು ದಿನ ಬಿಟ್ರಾ? ನನಗೆ ಗೊತ್ತಿಲ್ಲದೆ ಆಗಿದ್ದು ತಪ್ಪು. ಗೊತ್ತಿದ್ದೂ ಮುಚ್ಚಿ ಹಾಕ್ತೀರಲ್ಲ, ಅದಕ್ಕೆ ಏನಂತಾರೆ? ಆ ತಾರಸಿ ಕೆಳಗೆ ಮಲಗೋಳು ನನ್ನ ಮಗಳು. ಬಿಲ್ಲೆ ಎಲ್ಲಾ ವಾಪಸ್ ಕೂರೋವರೆಗೂ ಇದು ನನ್ನ ಕೈ ಬಿಡಲ್ಲ."

ಕಂಟ್ರಾಕ್ಟರ ಮುಖ ಕೆಂಪಾಯಿತು. ಅವರು ಏಣಿಯ ಬಳಿ ನಿಂತಿದ್ದ ಅತ್ತೆಯ ಕಡೆ ತಿರುಗಿ, ನಿಮ್ಮ ಸೊಸೆಗೆ ನೀವಾದರೂ ಬುದ್ಧಿ ಹೇಳಿ ಎಂದರು. ಮಗಳನ್ನು ಕೊಟ್ಟ ದಿನದಿಂದ ಆ ಅಳಿಯನಿಗೆ ಎದುರು ಮಾತಾಡಿದವರಲ್ಲ ಅತ್ತೆ.  ಈಗ ಮರಳಿನ ರಾಶಿಯ ಬಳಿ ಹೋಗಿ, ಕಷ್ಟಪಟ್ಟು ಬಗ್ಗಿ, ಬಿಲ್ಲೆಗಳನ್ನು ಬಕೆಟ್ಟಿಗೆ ತುಂಬತೊಡಗಿದರು.

"ನಿನ್ನೆ ಕಂಬಿ ಎತ್ತಿ ಹಿಡಿದದ್ದು ನಾನು, ಅಳಿಯಂದಿರೇ. ಇವತ್ತೂ ನಾನೇ ಎತ್ತಿ ಹಿಡೀತೀನಿ. ನೀವು ಬಿಲ್ಲೆ ಇಡಿಸಿ."

ಆಗ ಗಂಡ ಕದಲಿದ. ತಾಯಿಯ ಕೈಯಿಂದ ಬಕೆಟ್ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಏಣಿ ಹತ್ತಿದ.

ಸುರಿದ ರಭಸಕ್ಕೆ ಕೆಲವು ಬಿಲ್ಲೆ ಒಡೆದಿದ್ದವು. ಆಳೊಬ್ಬ ಅವುಗಳ ಬದಲು ಜಲ್ಲಿ ಚೂರು ಇಟ್ಟರಾಯಿತು ಎಂದ. ಜಲ್ಲಿ ಜಾರುತ್ತದೆ, ಇಟ್ಟಿಗೆ ಚೂರು, ಮರದ ಚೂರು ನೀರು ಕುಡಿದು ಅದನ್ನು ಕಂಬಿಗೇ ಮುಟ್ಟಿಸುತ್ತವೆ ಎಂದು ಎಂಜಿನಿಯರಮ್ಮ ತಡೆದರು. ಮೇಸ್ತ್ರಿ ಇನ್ನೊಂದು ಕೆಲಸದಲ್ಲಿ ಉಳಿದಿದ್ದ ಬಿಲ್ಲೆಗಳನ್ನು ತರಲು ಹೋದ. ಅಲ್ಲಿಯತನಕ ಕಂಟ್ರಾಕ್ಟರು ಸ್ಕೂಟರಿನ ಮೇಲೆ ಕೂತು ಮೂತಿ ಉಬ್ಬಿಸಿದ್ದರು. ಕೊನೆಗೆ ತಾವೂ ಹತ್ತಿ, ಕಂಬಿಯ ಕೆಳಗೆ ಹೆಬ್ಬೆರಳು ತೂರಿಸಿ ನೋಡಿ, ಸರಿ ಎಂದರು.

ಟೈಲರಕ್ಕ ಹ್ಯಾಂಡಲ್ ಕೊಟ್ಟಳು, ಆದರೆ ಮನೆಗೆ ಹೋಗಲಿಲ್ಲ. ಮಿಕ್ಸರ್ ಪಕ್ಕದಲ್ಲೇ ನಿಂತಳು. ಕಲಸಿದ್ದು ಸಲೀಸಾಗಿ ಹರಿಯಲಿ ಎಂದು ಆಳೊಬ್ಬ ಇನ್ನೊಂದು ಬಕೆಟ್ ನೀರು ಎತ್ತಿದಾಗ, ಅದು ಯಾಕೆ ಎಂದು ಕೇಳಿದಳು. ನೀರು ಹೆಚ್ಚಾದರೆ ಕಾಂಕ್ರೀಟ್ ಬಲ ಕಳೆದುಕೊಳ್ಳುತ್ತದೆ ಎಂದು ಎಂಜಿನಿಯರಮ್ಮ ಹೇಳುವಷ್ಟರಲ್ಲಿ ಕಂಟ್ರಾಕ್ಟರೇ ಗದರಿದರು. "ನೀರು ಸಾಕೋ, ಮಜ್ಜಿಗೆ ಮಾಡ್ತಿದ್ದೀಯಾ?"

ಮಾರನೆಯ ದಿನ ಅತ್ತೆ, ಸೊಸೆ ತಾರಸಿಯ ಮೇಲೆ ಮಣ್ಣಿನ ಪುಟ್ಟ ಬದು ಕಟ್ಟಿ ನೀರು ನಿಲ್ಲಿಸಿದರು. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ, ತೇವದಲ್ಲಿದ್ದೇ ಗಟ್ಟಿಯಾಗುವುದು ಎಂದು ಈಗ ಅತ್ತೆಯೇ ಬೀದಿಯವರಿಗೆಲ್ಲ ಹೇಳುತ್ತಾರೆ. ಬಾಡಿಗೆ ಮನೆ ಬಿಡುವ ದಿನ ಟೈಲರಕ್ಕ ಮಾಲೀಕನನ್ನು ಕರೆದು, ಅವನೆದುರೇ ಪೊರಕೆಯ ಹಿಡಿಯಿಂದ ಆ ಹೊಸ ಬಣ್ಣವನ್ನು ಒಮ್ಮೆ ಕುಟ್ಟಿದಳು. ಗಾರೆ ಉದುರಿ ಕೆಂಪು ಕಂಬಿ ಮತ್ತೆ ಹಲ್ಲು ಕಿರಿಯಿತು. ಈ ತುಕ್ಕು ಕೆರೆಸಿ ಸರಿಯಾಗಿ ರಿಪೇರಿ ಮಾಡಿಸದೆ ಇಲ್ಲಿ ಯಾರ ಮಗುವನ್ನೂ ಮಲಗಿಸಬೇಡಿ ಎಂದು ಹೇಳಿ ಬಂದಳು. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಬೇಕಾಗಿಯೂ ಇಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮನೆ ಕಟ್ಟಿಸುತ್ತಿದ್ದೀರಾ? ಕಟ್ಟುವವರು ನೆಂಟರಾಗಿರಲಿ, ಬೇರೆಯವರಾಗಿರಲಿ, ಸೈಟಿಗೆ ಹೋಗಿ. ಮನೆಯವರೆಲ್ಲ ಹೋಗಿ. ಗೊತ್ತಿಲ್ಲದ ವಸ್ತು ಕಂಡರೆ ಎತ್ತಿ ಎಸೆಯಬೇಡಿ, ಇದು ಏನು, ಯಾಕೆ ಎಂದು ಕೇಳಿ. ತಾರಸಿ ಹಾಕುವ ಮುಂಚೆ ಕಂಬಿಯ ಕೆಳಗೆ ಹೆಬ್ಬೆರಳು ತೂರಿಸಿ ನೋಡಿ, ಅದು ಹೋಗಬೇಕು. ಕಂಬಕ್ಕೆ, ತೊಲೆಗೆ ಜಾಗ ಇನ್ನೂ ಹೆಚ್ಚು ಬೇಕು, ಎಷ್ಟೆಂದು ಎಂಜಿನಿಯರನ್ನು ಕೇಳಿ. ಕೇಳಿದರೆ ನೆಂಟಸ್ತಿಕೆ ಕೆಡುತ್ತದೆ ಎನ್ನುವವರಿಗೆ ಆ ತಲೆದಿಂಬಿನ ಕಥೆ ಹೇಳಿ.

ನಿನಗೇನು ಗೊತ್ತಾಗುತ್ತೆ ಎಂದು ಯಾರಾದರೂ ಅಂದರೆ ಸಿಟ್ಟು ಬರಲಿ. ಕಾಂಕ್ರೀಟ್ ಬೀಳುವ ಮೊದಲೇ ಬರಲಿ.