ಸಿಂಕಿನ ಕೆಳಗಿನ ಹಳದಿ ಹಿಡಿ

ಪರದೇಶದಲ್ಲಿ ಬಾಡಿಗೆ ಮನೆ ಸಿಕ್ಕಿತೆಂದರೆ ಅರ್ಧ ಮನೆ ಸಿಕ್ಕಂತೆ, ಅಷ್ಟೇ. ಉಳಿದರ್ಧ ಕರೆಂಟು, ನೀರು, ಇಂಟರ್ನೆಟ್ಟು, ಗ್ಯಾಸು ಎಂದು ಬೇರೆಬೇರೆ ಆಫೀಸುಗಳಲ್ಲಿ ಹಂಚಿಹೋಗಿರುತ್ತದೆ. ಕರೆಂಟಿನವರು ಬ್ಯಾಂಕ್ ಖಾತೆ ತೋರಿಸಿ ಎಂದರು. ಬ್ಯಾಂಕಿನವರು ಖಾತೆ ಬೇಕಾದರೆ ಈ ವಿಳಾಸಕ್ಕೆ ಬಂದ ಕರೆಂಟು ಬಿಲ್ಲು ತನ್ನಿ ಎಂದರು. ಬಿಲ್ಲು ಬರಬೇಕಾದರೆ ಮೊದಲು ಕರೆಂಟು ಬರಬೇಡವೇ ಎಂದು ಮಗ ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವಳು ಬಹಳ ಮರ್ಯಾದೆಯಿಂದ ಹೌದು ಎಂದು ತಲೆಯಾಡಿಸಿದಳಂತೆ. ಇದನ್ನು ಕೇಳಿ ಅವನ ತಾಯಿಗೆ, ಅಂದರೆ ಸೊಸೆಯ ಅತ್ತೆಗೆ, ಒಂಥರಾ ಸಮಾಧಾನವೇ ಆಯಿತು. ಸಮುದ್ರ ದಾಟಿ ಬಂದರೂ ಆಫೀಸು ಆಫೀಸೇ. ಕೊನೆಗೆ ಮನೆಯೊಡತಿ ಬಂದು ಒಂದು ಸಹಿ ಹಾಕಿಕೊಟ್ಟ ಮೇಲೆ ಕಗ್ಗಂಟು ಬಿಚ್ಚಿಕೊಂಡು ದೀಪ ಹತ್ತಿತು, ನಲ್ಲಿಯಲ್ಲಿ ನೀರು ಬಂತು, ಬಾಗಿಲ ಬಳಿಯ ಇಂಟರ್ನೆಟ್ ಡಬ್ಬಿ ಹಸಿರು ಕಣ್ಣು ಬಿಟ್ಟಿತು. ಕಟ್ಟಕಡೆಗೆ ಗ್ಯಾಸೂ ಬಂತು.

ಅತ್ತೆ ಬಂದದ್ದು ಸೊಸೆಯ ಬಾಣಂತನಕ್ಕೆ. ಸೊಸೆಗೆ ತಾಯಿಯಿಲ್ಲ. ಅತ್ತೆ ಜೊತೆಗಿದ್ದರೆ ಮಾತ್ರ ನನಗೆ ಧೈರ್ಯ ಎಂದು ಆಕೆ ಗಂಡನ ಹತ್ತಿರ ಹೇಳಿದ್ದು ಅತ್ತೆಯ ಕಿವಿಗೆ ಬಿದ್ದಿತ್ತು. ಆ ಒಂದು ಮಾತಿಗೆ ಕರಗಿ ಅವರು ಮಂಡಿನೋವನ್ನೂ ಲೆಕ್ಕಿಸದೆ ವಿಮಾನ ಹತ್ತಿದ್ದರು. ಮಗ ಲಿಫ್ಟ್ ರಿಪೇರಿ ಮಾಡುವವನು. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮನೆಯೆಲ್ಲ ಅತ್ತೆಯದೇ. ಅಡುಗೆಮನೆಯಂತೂ ಎಲ್ಲ ಹೊತ್ತಿನಲ್ಲೂ ಅವರದೇ, ಅಲ್ಲಿ ಬೇರೆಯವರಿಗೆ ಒಂದು ಚಮಚ ಎತ್ತಿಡುವ ಅಧಿಕಾರವೂ ಇರಲಿಲ್ಲ.

ಗ್ಯಾಸನ್ನು ಬುಡದಲ್ಲೇ ಬಂದ್ ಮಾಡದೆ ಅತ್ತೆ ಜೀವಮಾನದಲ್ಲಿ ಅಡುಗೆಮನೆ ಬಿಟ್ಟು ಬಂದವರಲ್ಲ. ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಬೇಕು, ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಬೇಕು, ಆಮೇಲೆಯೇ ಮನೆಯಿಂದ ಕಾಲು ಹೊರಗಿಡುವುದು. ಮಗನಿಗೂ ಚಿಕ್ಕಂದಿನಿಂದ ಇದನ್ನೇ ಅರೆದು ಕುಡಿಸಿದ್ದರು. ಇಲ್ಲಿ ಸಿಲಿಂಡರೇ ಕಾಣದೆ ಮೊದಲ ದಿನ ಗಾಬರಿಯಾಯಿತು. ಹುಡುಕಾಡಿದಾಗ ಸಿಂಕಿನ ಕೆಳಗಿನ ಕಪಾಟಿನಲ್ಲಿ, ಪೈಪಿನ ಮೇಲೆ, ಒಂದು ಹಳದಿ ಹಿಡಿ ಸಿಕ್ಕಿತು. ಅಡ್ಡ ತಿರುಗಿಸಿದರೆ ಒಲೆ ಆರುತ್ತದೆ, ನೆಟ್ಟಗೆ ತಿರುಗಿಸಿದರೆ ಹತ್ತುತ್ತದೆ. ಸದ್ಯ, ಈ ದೇಶದಲ್ಲೂ ಬುದ್ಧಿವಂತರಿದ್ದಾರೆ ಎಂದುಕೊಂಡರು.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಮನೆ ಕಾಯಿಸುವ ಯಂತ್ರ ಮುಷ್ಕರ ಹೂಡಿತು. ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಆ ಬಾಯ್ಲರು ನೀರು ಕಾಯಿಸಿ ಕೋಣೆಕೋಣೆಯ ಕಬ್ಬಿಣದ ಹಲಗೆಗಳಿಗೆ ಹರಿಸಬೇಕು, ಮನೆ ಬೆಚ್ಚಗಾಗಬೇಕು. ಅದು ಕೆಂಪು ದೀಪ ತೋರಿಸಿಕೊಂಡು ಸುಮ್ಮನೆ ಕೂತಿತು. ಹೊರಗೆ ಚಳಿ ದಿನದಿಂದ ದಿನಕ್ಕೆ ಏರುತ್ತಿತ್ತು. ಊರಿನ ಲಿಫ್ಟುಗಳನ್ನೆಲ್ಲ ಏರಿಸಿ ಇಳಿಸುವ ಮಗನಿಗೆ ಇದನ್ನು ಮುಟ್ಟುವ ಹಾಗಿರಲಿಲ್ಲ. ಗ್ಯಾಸಿನ ಯಂತ್ರಕ್ಕೆ ಕಂಪನಿಯವರೇ ಕೈ ಹಾಕಬೇಕೆಂದು ಮನೆಯೊಡತಿ ಕಟ್ಟುನಿಟ್ಟಾಗಿ ಹೇಳಿದ್ದಳು. ಸಾಲದ್ದಕ್ಕೆ ಹಗಲು ಹೊತ್ತಿನಲ್ಲಿ ಇಂಟರ್ನೆಟ್ಟೂ ಕೈಕೊಡುತ್ತಿತ್ತು. ತಂಗಿಯ ಮುಖ ನೋಡಿ ನಾಲ್ಕು ಮಾತಾಡೋಣವೆಂದರೆ ಫೋನಿನ ಪರದೆಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಲೈನು ಚೆನ್ನಾಗಿಯೇ ಇದೆ ಎಂದು ಆ ಕಂಪನಿಯವರು ಕೈತೊಳೆದುಕೊಂಡಿದ್ದರು.

ಬಾಯ್ಲರಿನ ಮೆಕ್ಯಾನಿಕ್ ಬಂದ. ಒಳಗೆ ಬರುವ ಮುನ್ನ ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಏರಿಸಿಕೊಂಡದ್ದು ನೋಡಿ ಅತ್ತೆಗೆ ಅವನ ಮೇಲೆ ಮಗನಷ್ಟೇ ಅಕ್ಕರೆ ಹುಟ್ಟಿತು. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು. ಆದರೆ ಮನೆಗೆ ಬಂದವರಿಗೆ ಚಹಾ ಕೊಡಲು ಭಾಷೆ ಯಾಕೆ ಬೇಕು? ಅತ್ತೆ ಹಳದಿ ಹಿಡಿ ತಿರುಗಿಸಿ ಒಲೆ ಹಚ್ಚಿದರು. ಅವನು ಏನೋ ಒತ್ತಿದ, ಬಾಯ್ಲರು ಡುಬ್ ಎಂದು ಹೊತ್ತಿಕೊಂಡಿತು. ಅವನು ಚಹಾ ಕುಡಿದು ಹೋದ. ಅತ್ತೆ ಪಾತ್ರೆ ತೊಳೆದು, ಒಲೆ ಒರೆಸಿ, ಹಿಡಿಯನ್ನು ಅಡ್ಡ ತಿರುಗಿಸಿ ಆಚೆ ಬಂದರು. ಸಂಜೆಯ ಹೊತ್ತಿಗೆ ಮನೆ ಮತ್ತೆ ತಣ್ಣಗೆ. ಅವನು ಮತ್ತೆ ಬಂದ, ಮತ್ತೆ ಚಹಾ ಕುಡಿದ, ಮತ್ತೆ ಅದೇ ಕತೆ. ಗ್ಯಾಸೇ ಬರುತ್ತಿಲ್ಲ ಎಂದು ಯಂತ್ರ ಹೇಳುತ್ತಿದೆ, ಆದರೆ ಕಣ್ಣೆದುರಿಗೇ ಒಲೆ ಉರಿಯುತ್ತಿದೆಯಲ್ಲ ಎಂದು ಅವನು ಸೊಸೆಗೆ ಫೋನು ಮಾಡಿ ಗೋಳು ತೋಡಿಕೊಂಡನಂತೆ. ಅವನು ಹೋದ ಮೇಲೆ ಅತ್ತೆ ಬಾಯ್ಲರಿನ ಮುಂದೆ ನಿಂತು, ಪಾಪದವನನ್ನು ಹೀಗೆ ಅಲೆದಾಡಿಸಲು ನಾಚಿಕೆಯಾಗುವುದಿಲ್ಲವೇ ಎಂದು ಅದಕ್ಕೆ ಛೀಮಾರಿ ಹಾಕಿದರು.

ಅತ್ತೆಗೆ ಕೆಮ್ಮು ಶುರುವಾಯಿತು. ಒಂದು ಸಂಜೆ ಮಗ ಊಟದ ತಟ್ಟೆಯನ್ನು ಬದಿಗೆ ಸರಿಸಿ ಹೇಳಿದ.

"ಅಮ್ಮ, ಈ ವಾರದಲ್ಲಿ ಇದು ಸರಿಹೋಗದಿದ್ರೆ ನಿನ್ನನ್ನ ಊರಿಗೆ ಕಳಿಸ್ಬಿಡ್ತೀನಿ. ಈ ಚಳೀಲಿ ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

ಸೊಸೆ ತಲೆಯೆತ್ತಲಿಲ್ಲ, ಅನ್ನ ಕಲಸುತ್ತಲೇ ಇದ್ದಳು. ಇವಳಾದರೂ ಬೇಡವೆನ್ನಬಾರದೇ ಎಂದು ಅತ್ತೆ ಅವಳನ್ನೇ ನೋಡಿದರು. ಅವರಿಗೆ ಹೋಗಲು ಸುತರಾಂ ಇಷ್ಟವಿರಲಿಲ್ಲ. ಮೊಮ್ಮಗುವನ್ನು ಮೊದಲು ಎತ್ತಿಕೊಳ್ಳುವ ಕೈ ತನ್ನದೇ ಆಗಬೇಕೆಂಬ ಆಸೆಯನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದರು. ಮಗನ ಕಷ್ಟಕ್ಕೆ ತನ್ನಿಂದಾದ ಸಹಾಯವಿರಲಿ ಎಂದು ಅಂದಿನಿಂದ ಇನ್ನಷ್ಟು ಜಾಗ್ರತೆ ವಹಿಸಿದರು. ಹಾಲು ಕಾಯಿಸಿದರೂ ಸರಿ, ಬರೀ ನೀರು ಕಾಯಿಸಿದರೂ ಸರಿ, ಆದ ಕೂಡಲೇ ಹಿಡಿ ಅಡ್ಡ.

ಮುಂದಿನ ಸಲ ಮೆಕ್ಯಾನಿಕ್ ಬರುವ ದಿನ ಅವನ ಮಾತನ್ನು ಅತ್ತೆಗೆ ತಿಳಿಸಲೆಂದು ಸೊಸೆ ರಜೆ ಹಾಕಿದಳು. ಇವತ್ತು ಯಂತ್ರ ಆರುವುದನ್ನು ಕಣ್ಣಾರೆ ನೋಡದೆ ಜಪ್ಪಯ್ಯ ಎಂದರೂ ಏಳುವುದಿಲ್ಲವೆಂದು ಅವನು ಬಾಯ್ಲರಿನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತ. ಅತ್ತೆ ಚಹಾ ಮಾಡಿದರು. ಅವನು ಗುಂಡಿ ಒತ್ತಿ ಹೊತ್ತಿಸಿದ ಯಂತ್ರ ಗುಂಯ್ ಎನ್ನುತ್ತಿತ್ತು. ಅತ್ತೆ ಪಾತ್ರೆ ತೊಳೆದರು, ಒಲೆ ಒರೆಸಿದರು, ಮಂಡಿ ಹಿಡಿದುಕೊಂಡು ಬಗ್ಗಿ ಕಪಾಟು ತೆರೆದು ಹಿಡಿ ತಿರುಗಿಸಿದರು. ಯಂತ್ರ ಟಕ್ ಎಂದು ನಿಂತಿತು.

ಮೆಕ್ಯಾನಿಕ್ ಕೈಯಲ್ಲಿ ಲೋಟ ಹಿಡಿದವನು ಹಿಡಿದಂತೆಯೇ ಇದ್ದ. ನಿಧಾನವಾಗಿ ಎದ್ದು ಬಂದು ಹಿಡಿಯನ್ನು ನೆಟ್ಟಗೆ ಮಾಡಿದ. ಇಷ್ಟು ಒಳ್ಳೆಯ ಹುಡುಗನಿಗೆ ಇಷ್ಟು ಅಜಾಗರೂಕತೆಯೇ ಎಂದು ಅತ್ತೆ ನಸುನಕ್ಕು ಮತ್ತೆ ಅಡ್ಡ ಮಾಡಿದರು. ಅವನು ನೆಟ್ಟಗೆ ಮಾಡಿದ. ಇವರು ಅಡ್ಡ ಮಾಡಿದರು. ಅವನು ಸೊಸೆಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಏನೋ ಕೇಳಿದ.

"ಅತ್ತೆ, ನೀವು ಇದನ್ನ ಯಾವಾಗಿಂದ ಹೀಗೆ ಆಫ್ ಮಾಡ್ತಿದೀರಾ ಅಂತ ಕೇಳ್ತಿದಾನೆ."

"ಗ್ಯಾಸ್ ಬಂದ ದಿನದಿಂದ," ಎಂದರು ಅತ್ತೆ ಹೆಮ್ಮೆಯಿಂದ. "ಒಂದು ಸಲಾನೂ ಮರ್ತಿಲ್ಲ ಅಂತ ಹೇಳು."

ಒಲೆಗೆ ಬರುವ ಗ್ಯಾಸೇ ಬಾಯ್ಲರಿಗೂ ಹೋಗುವುದು, ಬುಡದಲ್ಲಿ ನಿಲ್ಲಿಸಿದರೆ ಎರಡೂ ಉಪವಾಸ, ಮತ್ತೆ ಬಿಟ್ಟರೂ ಬಾಯ್ಲರು ತಾನಾಗಿ ಹೊತ್ತಿಕೊಳ್ಳುವುದಿಲ್ಲ ಎಂದು ಸೊಸೆ ಬಿಡಿಸಿ ಹೇಳಿದಳು. ಅತ್ತೆಗೆ ನಿಂತ ನೆಲವೇ ಬಾಯ್ಬಿಟ್ಟು ನುಂಗಬಾರದೇ ಎನಿಸಿತು. ಇಷ್ಟು ದಿನ ತನ್ನನ್ನು ಊರಿಗೆ ಅಟ್ಟಲು ಹೊರಟಿದ್ದದ್ದು ಚಳಿಯಲ್ಲ, ತನ್ನದೇ ಕೈ. ಬಸುರಿ ಹೆಂಗಸನ್ನು ತಣ್ಣನೆಯ ಮನೆಯಲ್ಲಿ ಮಲಗಿಸಿದ್ದೂ ಅದೇ ಕೈ. ಇಂಥವಳನ್ನು ಯಾರು ತಾನೇ ಇಟ್ಟುಕೊಂಡಾರು?

ಆದರೆ ಸೊಸೆ ನಗಲು ಶುರು ಮಾಡಿದ್ದಳು. ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಂಡು ಮೆಕ್ಯಾನಿಕ್‌ನ ಕುರ್ಚಿಯಲ್ಲೇ ಕುಸಿದು ಕೂತಳು. ಅವನೂ ನಕ್ಕ, ಲೋಟ ಮುಂದೆ ಚಾಚಿ ಇನ್ನೊಂದಿಷ್ಟು ಚಹಾ ಕೇಳಿದ. ಅಷ್ಟರಲ್ಲಿ ಮಗನ ಫೋನು ಬಂತು, ಟಿಕೆಟ್ ತೆಗೆಯಲೋ ಬೇಡವೋ ಎಂದು. ಸೊಸೆ ಕಣ್ಣೊರೆಸಿಕೊಂಡು ಅತ್ತೆಯ ಮುಖ ನೋಡಿದಳು.

"ಬೇಡ ರೀ. ಬಾಯ್ಲರ್ ಸರಿಯಾಯ್ತು. ಆಗದಿದ್ರೂ ಅತ್ತೇನ ನಾನು ಕಳಿಸ್ತಿರಲಿಲ್ಲ, ಇವತ್ತು ನಿಮಗೆ ಅದನ್ನೇ ಹೇಳೋಣ ಅಂತಿದ್ದೆ."

ಅತ್ತೆ ಒಲೆಯ ಕಡೆ ತಿರುಗಿಕೊಂಡು ಚಹಾ ಪುಡಿ ಹುಡುಕಿದರು. ಪುಡಿಯ ಡಬ್ಬಿ ಕೈಯಲ್ಲೇ ಇತ್ತು.

ಸಂಜೆ ಮಗ ಬಂದಾಗ ಅತ್ತೆ ತಾವಾಗಿಯೇ ಎಲ್ಲವನ್ನೂ ಒಪ್ಪಿಸಿದರು. ಅವನು ತಲೆ ಚಚ್ಚಿಕೊಂಡ. ಯಾರಾದರೂ ಹೀಗೆ ಕಂಡಕಂಡದ್ದನ್ನೆಲ್ಲ ಆರಿಸುತ್ತ ಕೂರುತ್ತಾರೆಯೇ ಎಂದು ಭಾಷಣಕ್ಕೇ ಇಳಿದುಬಿಟ್ಟ. ಸೊಸೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಬೆಳಿಗ್ಗೆ ನೀವು ಹೋದ ಮೇಲೆ ಇಂಟರ್ನೆಟ್ ಡಬ್ಬಿಯ ಸ್ವಿಚ್ಚು ಆರಿತ್ತಲ್ಲ, ಅದನ್ನು ಆರಿಸಿದ್ದು ಯಾರು ಎಂದು ಕೇಳಿದಳು. ಅವನ ಕಿವಿಗಳು ಕೆಂಪಾದವು. ಮನೆ ಬಿಡುವಾಗ ಆರಿಸಲು, ಸಂಜೆ ಬಂದಾಗ ಹಾಕಲು ಬಾಗಿಲ ಬಳಿಯ ಸ್ವಿಚ್ಚುಗಳ ಮೇಲೆ ಕೈ ತಾನಾಗಿ ಓಡುತ್ತದೆ, ಅವನೇನು ಮಾಡಿಯಾನು.

ಮರುದಿನ ಬೆಳಿಗ್ಗೆ ಮಗ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತ. ಕೈ ಗೋಡೆಯ ಕಡೆ ಹೊರಟಿತ್ತು.

"ಮುಟ್ಬೇಡ," ಎಂದರು ಅತ್ತೆ ಅಡುಗೆಮನೆಯಿಂದ.

ಹಾಗೆನ್ನುವಾಗ ಅವರ ಕೈಯೂ ಕಪಾಟಿನೊಳಗೇ ಇತ್ತು. ತಟ್ಟೆ ಇಡಲು ಬಂದ ಸೊಸೆ ಅದನ್ನು ಮೆಲ್ಲಗೆ ಹಿಡಿದು ಆಚೆ ತೆಗೆದು, ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನದು ಒದೆಯಿತು. ಅತ್ತೆ ಕೈ ತೆಗೆಯಲೇ ಇಲ್ಲ. ಬಾಯ್ಲರು ತನ್ನಷ್ಟಕ್ಕೆ ಉರಿಯುತ್ತಿತ್ತು.